ಅರಿಶಿನದಿಂದ ಪ್ರಾಸ್ಟೇಟ್ ಕ್ಯಾನ್ಸರ್‌ನ ‘ಜೀನ್ ಸ್ವಿಚ್’ ಆಫ್ ಆಗುತ್ತಾ? ಜಕ್ಕೂರಿನ ಲ್ಯಾಬ್ ಕಂಡುಹಿಡಿದದ್ದೇನು, ಫಾರ್ವರ್ಡ್ ಹೇಳುವುದೇನು

ಅಟ್ಟೂರು ಬಡಾವಣೆಯ ಯಾವುದಾದರೂ ಫ್ಯಾಮಿಲಿ ಗ್ರೂಪ್ ತೆರೆದು ನೋಡಿ. ಗುಡ್ ಮಾರ್ನಿಂಗ್ ಹೂವು, ಹಬ್ಬದ ಶುಭಾಶಯ, ಕರೆಂಟ್ ಹೋಗುವ ಸಮಯ, ಇವುಗಳ ನಡುವೆ ಒಂದಾದರೂ ಆರೋಗ್ಯದ ಫಾರ್ವರ್ಡ್ ಇದ್ದೇ ಇರುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ಬಗ್ಗೆ ಬರುವ ಫಾರ್ವರ್ಡ್‌ಗಳಿಗೆ ಹಲವು ರೂಪಗಳಿವೆ. ತಿರುಳು ಮಾತ್ರ ಹೆಚ್ಚುಕಡಿಮೆ ಇಷ್ಟೇ: “ಇಂಜೆಕ್ಷನ್ ಬೇಡ, ಆಪರೇಷನ್ ಬೇಡ. ಅರಿಶಿನ ಕ್ಯಾನ್ಸರ್ ಜೀನನ್ನೇ ಆಫ್ ಮಾಡುತ್ತದೆ. ಜೊತೆಗೆ ಕಾಳುಮೆಣಸು ಹಾಕಿದರೆ 2000 ಪಟ್ಟು ಪರಿಣಾಮ. ಇದನ್ನು ಬೆಂಗಳೂರಿನ ವಿಜ್ಞಾನಿಗಳೇ ಕಂಡುಹಿಡಿದಿದ್ದಾರೆ.”

ಓದಿದ ಕೂಡಲೇ ‘ಇದೆಲ್ಲ ಸುಳ್ಳು’ ಎಂದು ಡಿಲೀಟ್ ಮಾಡುವುದು ಸುಲಭ. ಆದರೆ ಈ ಸಂದೇಶದ ಹಿಂದೆ ಎರಡು ನಿಜವಾದ ಸಂಶೋಧನೆಗಳಿವೆ, ಎರಡೂ ಬೆಂಗಳೂರಿನವೇ. ಅದರಲ್ಲಿ ಒಂದು ನಡೆದದ್ದು ಅಟ್ಟೂರಿನಿಂದ ಹೆಚ್ಚು ದೂರವಿಲ್ಲದ ಜಕ್ಕೂರಿನಲ್ಲಿ. ಅರ್ಧ ನಿಜ ಇರುವುದರಿಂದಲೇ ಈ ಫಾರ್ವರ್ಡ್ ಅಪಾಯಕಾರಿ.

ಮನೆಯಲ್ಲಿ ಅಪ್ಪನಿಗೋ ಮಾವನಿಗೋ ಮೂರು ತಿಂಗಳಿಗೊಮ್ಮೆ ಹಾರ್ಮೋನ್ ಇಂಜೆಕ್ಷನ್ ನಡೆಯುತ್ತಿದೆ ಎಂದುಕೊಳ್ಳಿ. ಅವರು ಫೋನ್ ಮುಂದಿಟ್ಟು, “ಈ ಸಲ ಇಂಜೆಕ್ಷನ್ ಬಿಟ್ಟು ಇದನ್ನು ನೋಡೋಣ ಕಣಪ್ಪಾ” ಎಂದರೆ ಏನು ಹೇಳುತ್ತೀರಿ? ಅದಕ್ಕೆ ಉತ್ತರ ಕೊಡಲು ‘ಜೀನ್ ಸ್ವಿಚ್’ ಎಂದರೆ ಏನು ಎಂಬುದು ಗೊತ್ತಿರಬೇಕು.

ಮೊದಲು, ಪ್ರಾಸ್ಟೇಟ್ ಎಂದರೇನು?

ಗಂಡಸರಲ್ಲಿ ಮಾತ್ರ ಇರುವ, ಅಕ್ರೋಟ್ ಗಾತ್ರದ ಒಂದು ಗ್ರಂಥಿ ಇದು. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಕೂತಿರುತ್ತದೆ. ವೀರ್ಯದ ದ್ರವದ ಒಂದು ಭಾಗವನ್ನು ತಯಾರಿಸುವುದು ಇದರ ಕೆಲಸ.

ವಯಸ್ಸಾದಂತೆ ಬಹಳಷ್ಟು ಗಂಡಸರಲ್ಲಿ ಈ ಗ್ರಂಥಿ ದಪ್ಪಗಾಗುತ್ತದೆ. ರಾತ್ರಿ ಹಲವು ಸಲ ಏಳಬೇಕಾಗುತ್ತದೆ, ಮೂತ್ರ ಸಣ್ಣ ಧಾರೆಯಾಗಿ ಬರುತ್ತದೆ. ಹೆಚ್ಚಿನವರಲ್ಲಿ ಇದು ಕ್ಯಾನ್ಸರ್ ಅಲ್ಲ, ವಯೋಸಹಜವಾದ ಊತ. ಕ್ಯಾನ್ಸರ್ ಬೇರೆಯದೇ ಕಾಯಿಲೆ. ಅದು ಶುರುವಿನಲ್ಲಿ ಯಾವ ಲಕ್ಷಣವನ್ನೂ ತೋರಿಸದೆ ಇರಬಹುದು. ಬೆಂಗಳೂರಿನಲ್ಲಿ ಎಷ್ಟು ಜನರಿಗೆ ಯಾವ ಕ್ಯಾನ್ಸರ್ ಬರುತ್ತಿದೆ ಎಂಬುದನ್ನು ಕಿದ್ವಾಯಿ ಸಂಸ್ಥೆಯ ನೋಂದಣಿ ವಿಭಾಗ 1982ರಿಂದ ದಾಖಲಿಸುತ್ತಾ ಬಂದಿದೆ. ಇಂದು ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ಗಂಡಸರಿಗೆ ಬರುವ ಪ್ರಮುಖ ಕ್ಯಾನ್ಸರ್‌ಗಳಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಕೂಡ ಒಂದು.

ಜೀನ್ ರೆಗ್ಯುಲೇಟರ್ ಎಂದರೆ ಏನು?

ನಮ್ಮ ದೇಹದ ಹೆಚ್ಚುಕಡಿಮೆ ಪ್ರತಿ ಜೀವಕೋಶದಲ್ಲೂ ಒಂದೇ ಬಗೆಯ ಜೀನ್‌ಗಳಿವೆ. ಕಣ್ಣಿನ ಕೋಶದಲ್ಲಿರುವ ಜೀನ್‌ಗಳೇ ಪ್ರಾಸ್ಟೇಟ್ ಕೋಶದಲ್ಲೂ ಇವೆ. ಹಾಗಾದರೆ ಒಂದು ಕಣ್ಣಾಗಿ, ಇನ್ನೊಂದು ಪ್ರಾಸ್ಟೇಟ್ ಆಗಿ ಕೆಲಸ ಮಾಡುವುದು ಹೇಗೆ? ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು, ಕೆಲಸ ಮಾಡುವುದಾದರೆ ಎಷ್ಟು ಜೋರಾಗಿ ಎಂಬುದನ್ನು ತೀರ್ಮಾನಿಸುವ ಪ್ರೋಟೀನ್‌ಗಳಿವೆ. ಇವೇ ಜೀನ್ ನಿಯಂತ್ರಕಗಳು, ಅಂದರೆ ಜೀನ್ ರೆಗ್ಯುಲೇಟರ್‌ಗಳು.

ಮನೆಯ ಫ್ಯಾನ್ ರೆಗ್ಯುಲೇಟರ್ ನೆನಪಿಸಿಕೊಳ್ಳಿ. ಅದರಲ್ಲಿ ಆನ್, ಆಫ್ ಮಾತ್ರವಲ್ಲ, ಒಂದರಿಂದ ಐದರವರೆಗೆ ವೇಗವೂ ಇದೆ. ಜೀನ್‌ಗಳ ವಿಷಯವೂ ಹೀಗೆಯೇ. ‘ಬೆಳೆ’ ಎಂದು ಹೇಳುವ ಜೀನ್ ಒಂದರಲ್ಲಿ ಓಡುತ್ತಿದ್ದರೆ ಗ್ರಂಥಿ ಆರೋಗ್ಯವಾಗಿರುತ್ತದೆ. ಅದು ಐದಕ್ಕೆ ಹೋಗಿ ಅಲ್ಲೇ ಸಿಕ್ಕಿಹಾಕಿಕೊಂಡರೆ ಕೋಶಗಳು ಲಂಗುಲಗಾಮಿಲ್ಲದೆ ಬೆಳೆಯುತ್ತವೆ.

ಇನ್ನೊಂದು ಸಂಗತಿ. ಜೀನ್‌ಗಳಿರುವ ಡಿಎನ್‌ಎ ಉದ್ದನೆಯ ದಾರ. ಅದು ಹಿಸ್ಟೋನ್ ಎಂಬ ಪ್ರೋಟೀನ್ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಬೀರುವಿನಲ್ಲಿ ಬಿಗಿಯಾಗಿ ಮಡಿಚಿಟ್ಟ ಸೀರೆಯ ಸೆರಗಿನ ಚಿತ್ತಾರ ಹೇಗೆ ಕಾಣುವುದಿಲ್ಲವೋ, ಬಿಗಿಯಾಗಿ ಸುತ್ತಿದ ಜೀನನ್ನೂ ಕೋಶ ಓದಲಾರದು. ಮಡಿಕೆ ಬಿಚ್ಚಿದರೆ ಮಾತ್ರ ಓದಬಹುದು. ಹಾಗೆ ಮಡಿಕೆ ಬಿಚ್ಚಲು ನೆರವಾಗುವ ಒಂದು ಪ್ರೋಟೀನಿನ ಹೆಸರು ಪಿ300. ಅದು ಹಿಸ್ಟೋನ್‌ಗಳಿಗೆ ಅಸಿಟೈಲ್ ಎಂಬ ಪುಟ್ಟ ರಾಸಾಯನಿಕ ಗುರುತು ಅಂಟಿಸುತ್ತದೆ, ಆಗ ಸುತ್ತು ಸಡಿಲವಾಗುತ್ತದೆ. ಈ ಹೆಸರು ನೆನಪಿರಲಿ, ನಮ್ಮ ಕಥೆಯ ಮುಖ್ಯ ಪಾತ್ರ ಇದೇ.

ಪ್ರಾಸ್ಟೇಟ್ ಕೋಶದ ಯಜಮಾನ ಯಾರು?

ಪ್ರಾಸ್ಟೇಟ್ ಕೋಶದಲ್ಲಿ ಎಲ್ಲಕ್ಕಿಂತ ದೊಡ್ಡ ರೆಗ್ಯುಲೇಟರ್ ಆಂಡ್ರೊಜನ್ ರಿಸೆಪ್ಟರ್. ಗಂಡು ಹಾರ್ಮೋನ್ ಟೆಸ್ಟೊಸ್ಟಿರಾನ್ ಬರುವುದನ್ನೇ ಕಾಯುವ ಪ್ರೋಟೀನ್ ಇದು. ಹಾರ್ಮೋನ್ ಬರುವ ತನಕ ಅದು ಕೋಶದೊಳಗೆ ತೆಪ್ಪಗೆ ಕೂತಿರುತ್ತದೆ. ಹಾರ್ಮೋನ್ ಬಂದು ಅಂಟಿಕೊಂಡ ಕೂಡಲೇ ಕೋಶಕೇಂದ್ರದ ಒಳಗೆ ಹೋಗಿ, ಡಿಎನ್‌ಎ ಮೇಲೆ ತನಗೆ ಗೊತ್ತಿರುವ ಜಾಗಗಳನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಪಿ300ನಂಥ ಸಹಾಯಕರನ್ನು ಕರೆಸಿಕೊಳ್ಳುತ್ತದೆ. ಸುತ್ತು ಸಡಿಲವಾಗುತ್ತದೆ, ಜೀನ್ ಓಡಲು ಶುರುವಾಗುತ್ತದೆ.

ಹೀಗೆ ಓಡುವ ಜೀನ್‌ಗಳಲ್ಲಿ ಒಂದನ್ನು ನೀವು ಕೇಳಿಯೇ ಇರುತ್ತೀರಿ: ಪಿಎಸ್‌ಎ. ರಕ್ತ ಪರೀಕ್ಷೆಯಲ್ಲಿ ಅಳೆಯುವ ಪಿಎಸ್‌ಎ ಪ್ರೋಟೀನನ್ನು ತಯಾರಿಸುವ ಜೀನ್ ಆಂಡ್ರೊಜನ್ ರಿಸೆಪ್ಟರ್‌ನ ಹಿಡಿತದಲ್ಲಿದೆ. ಹಾಗಾಗಿ ಪಿಎಸ್‌ಎ ಎನ್ನುವುದು ಸ್ವಿಚ್‌ಬೋರ್ಡಿನ ಮೇಲಿನ ಕೆಂಪು ದೀಪದಂತೆ. ಆ ದೀಪದ ಬಗ್ಗೆ ಮುಂದೆ ಮತ್ತೆ ಮಾತಾಡೋಣ.

ಕ್ಯಾನ್ಸರ್ ಈ ರೆಗ್ಯುಲೇಟರನ್ನು ಹೇಗೆ ವಶಕ್ಕೆ ತೆಗೆದುಕೊಳ್ಳುತ್ತದೆ?

ಹಲವು ದಾರಿಗಳಿವೆ. ಎರಡನ್ನು ನೋಡೋಣ.

ಒಂದು, ತಪ್ಪು ವೈರಿಂಗ್. 2005ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಅರುಳ್ ಚಿನ್ನಯ್ಯನ್ ಅವರ ತಂಡ ಒಂದು ಅಚ್ಚರಿಯ ಸಂಗತಿ ಪ್ರಕಟಿಸಿತು. ಬಹಳಷ್ಟು ಪ್ರಾಸ್ಟೇಟ್ ಕ್ಯಾನ್ಸರ್‌ಗಳಲ್ಲಿ 21ನೇ ಕ್ರೋಮೋಸೋಮಿನ ಎರಡು ಜೀನ್‌ಗಳು ಮುರಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಮೊದಲನೆಯದು ಟಿಎಂಪಿಆರ್‌ಎಸ್‌ಎಸ್2. ಕೋವಿಡ್ ಕಾಲದಲ್ಲಿ ಈ ಹೆಸರು ಸುದ್ದಿಯಲ್ಲಿತ್ತು, ಏಕೆಂದರೆ ಕೊರೊನಾ ವೈರಸ್ ನಮ್ಮ ಕೋಶದೊಳಗೆ ನುಗ್ಗಲು ಈ ಪ್ರೋಟೀನಿನ ಸಹಾಯ ಪಡೆಯುತ್ತದೆ. ಇನ್ನೊಂದು ಇಆರ್‌ಜಿ. ಇದು ಸ್ವತಃ ಒಂದು ಜೀನ್ ರೆಗ್ಯುಲೇಟರ್. ಟಿಎಂಪಿಆರ್‌ಎಸ್‌ಎಸ್2 ಗಂಡು ಹಾರ್ಮೋನಿನ ಸ್ವಿಚ್‌ಗೆ ಸೇರಿದ ಜೀನ್. ಎರಡೂ ಅಂಟಿಕೊಂಡಾಗ ಆ ಸ್ವಿಚ್ ಒತ್ತಿದರೆ ಇಆರ್‌ಜಿ ಓಡುತ್ತದೆ. ಬಾತ್‌ರೂಮ್ ದೀಪದ ಸ್ವಿಚ್ ಹಾಕಿದರೆ ಟ್ಯಾಂಕಿನ ಮೋಟರ್ ಶುರುವಾದಂತೆ! ಪಾಶ್ಚಾತ್ಯ ದೇಶಗಳ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಪ್ರಾಸ್ಟೇಟ್ ಕ್ಯಾನ್ಸರ್‌ಗಳಲ್ಲಿ ಈ ಜೋಡಣೆ ಕಾಣುತ್ತದೆ.

ಇನ್ನೊಂದು, ಬ್ರೇಕ್ ಮುಚ್ಚಿಹಾಕುವುದು. ಇಜಡ್‌ಎಚ್2 ಎಂಬ ರೆಗ್ಯುಲೇಟರ್ ಪಿ300ಗೆ ತದ್ವಿರುದ್ಧ ಕೆಲಸ ಮಾಡುತ್ತದೆ: ಅದು ಜೀನ್‌ಗಳನ್ನು ಬಿಗಿಯಾಗಿ ಮಡಿಚಿ ಮೌನಗೊಳಿಸುತ್ತದೆ. ದೇಹದ ಇತರೆಡೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಇದರ ಪ್ರಮಾಣ ಹೆಚ್ಚಿರುತ್ತದೆ ಎಂದು ಸೂರ್ಯನಾರಾಯಣ ವಾರಂಬಳ್ಳಿ ಮತ್ತು ಸಹೋದ್ಯೋಗಿಗಳು 2002ರಲ್ಲಿ ತೋರಿಸಿದರು. ಬೆಳವಣಿಗೆಗೆ ತಡೆ ಹಾಕುವ ಜೀನ್‌ಗಳೇ ಮೌನವಾದರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ.

ಒಟ್ಟಿನಲ್ಲಿ ‘ಕ್ಯಾನ್ಸರ್ ಜೀನ್’ ಎಂಬ ಒಂದೇ ಒಂದು ಜೀನ್ ಇಲ್ಲ, ಅದನ್ನು ಆಫ್ ಮಾಡುವ ಒಂದೇ ಸ್ವಿಚ್ ಕೂಡ ಇಲ್ಲ. ಇರುವುದು ಇಡೀ ಸ್ವಿಚ್‌ಬೋರ್ಡ್.

ಹಾಗಾದರೆ ಜಕ್ಕೂರಿನಲ್ಲಿ ಕಂಡುಹಿಡಿದದ್ದು ಏನು?

ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. 1989ರಲ್ಲಿ ಸ್ಥಾಪನೆಯಾದ ಸಂಸ್ಥೆ. ಅಲ್ಲಿ ತಪಸ್ ಕುಂಡು ಅವರ ಪ್ರಯೋಗಾಲಯ ಪಿ300 ಪ್ರೋಟೀನನ್ನು ತಡೆಯಬಲ್ಲ ಸಣ್ಣ ಅಣುಗಳನ್ನು ಹುಡುಕುತ್ತಿತ್ತು. ಹುಡುಕಿದ್ದು ಎಲ್ಲೆಲ್ಲಿ ಗೊತ್ತೇ? ನಮಗೆ ಚೆನ್ನಾಗಿ ಪರಿಚಯವಿರುವ ಗಿಡಮರಗಳಲ್ಲೇ.

2003ರಲ್ಲಿ ಗೋಡಂಬಿ ಸಿಪ್ಪೆಯ ಎಣ್ಣೆಯಲ್ಲಿರುವ ಅನಕಾರ್ಡಿಕ್ ಆಮ್ಲ ಪಿ300 ಅನ್ನು ತಡೆಯುತ್ತದೆ ಎಂದು ಪ್ರಕಟಿಸಿದರು. 2004ರಲ್ಲಿ ಮುರುಗಲು, ಅಂದರೆ ಪುನರ್ಪುಳಿಯಲ್ಲಿರುವ ಗಾರ್ಸಿನಾಲ್ ಕೂಡ ಅದೇ ಕೆಲಸ ಮಾಡುತ್ತದೆ ಎಂದರು. ಅದೇ ವರ್ಷ ಅರಿಶಿನದ ಕರ್ಕ್ಯುಮಿನ್ ಪಿ300 ಮತ್ತು ಅದರ ಸೋದರ ಪ್ರೋಟೀನ್ ಸಿಬಿಪಿಯನ್ನು ತಡೆಯುತ್ತದೆ ಎಂಬ ಸಂಶೋಧನೆಯೂ ಹೊರಬಂತು. ಇದು ಒಳ್ಳೆಯ ವಿಜ್ಞಾನ, ನಮ್ಮೂರು ಹೆಮ್ಮೆಪಡಬೇಕಾದ ಕೆಲಸ.

ಆದರೆ ಫಾರ್ವರ್ಡ್ ಬಿಟ್ಟುಬಿಡುವ ಮೂರು ಮಾತುಗಳಿವೆ.

1. ಆ ಕರ್ಕ್ಯುಮಿನ್ ಪ್ರಬಂಧ ಪ್ರಾಸ್ಟೇಟ್ ಕ್ಯಾನ್ಸರ್ ಬಗ್ಗೆ ಅಲ್ಲವೇ ಅಲ್ಲ. ಅದು ನಡೆದದ್ದು ಪ್ರನಾಳ ಮತ್ತು ಕೋಶಗಳಲ್ಲಿ. ಕೊನೆಯಲ್ಲಿ ಅವರು ಸೂಚಿಸಿದ್ದು ಎಚ್‌ಐವಿ ಚಿಕಿತ್ಸೆಗೆ ಮುಂದೆ ಒಂದು ಸುಳಿವಾಗಬಹುದು ಎಂದು. ರೋಗಿಗಳಿಗೆ ಅರಿಶಿನ ಕೊಟ್ಟು ನೋಡಿದ ಅಧ್ಯಯನ ಅದಲ್ಲ.

2. ಪಿ300 ಕ್ಯಾನ್ಸರ್ ಕೋಶದಲ್ಲಿ ಮಾತ್ರ ಇರುವುದಿಲ್ಲ. ದೇಹದ ಒಳ್ಳೆಯ ಕೋಶಗಳಿಗೂ ಅದು ಬೇಕು. ಎಲ್ಲಿ, ಎಷ್ಟು ತಡೆಯಬೇಕು ಎಂಬುದೇ ಔಷಧ ವಿಜ್ಞಾನದ ಕಷ್ಟದ ಭಾಗ.

3. ಗೋಡಂಬಿ ಸಿಪ್ಪೆ ಎಣ್ಣೆಯೂ ಪಿ300 ಅನ್ನು ತಡೆಯುತ್ತದೆ. ಗೋಡಂಬಿ ಕಾರ್ಖಾನೆಯಲ್ಲಿ ಕೆಲಸ ಮಾಡುವವರನ್ನು ಕೇಳಿ, ಅದು ಚರ್ಮಕ್ಕೆ ತಾಗಿದರೆ ಸುಟ್ಟು ಬೊಬ್ಬೆ ಬರುತ್ತದೆ. ‘ಕ್ಯಾನ್ಸರ್‌ಗೆ ಗೋಡಂಬಿ ಸಿಪ್ಪೆ ಎಣ್ಣೆ ಕುಡಿಯಿರಿ’ ಎಂದು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಅರಿಶಿನವನ್ನು ಮಾತ್ರ ಮಾಡುತ್ತಾರೆ, ಏಕೆಂದರೆ ಅದು ಅಡುಗೆಮನೆಯಲ್ಲಿದೆ, ಪೂಜೆಯಲ್ಲಿದೆ, ನಂಬಿಕೆಯಲ್ಲಿದೆ. ವಿಜ್ಞಾನದ ಲೆಕ್ಕದಲ್ಲಿ ಆಗ ಎರಡೂ ಇದ್ದದ್ದು ಒಂದೇ ಹಂತದಲ್ಲಿ.

ಕಾಳುಮೆಣಸಿನ ‘2000’ ಎಲ್ಲಿಂದ ಬಂತು?

ಇದೂ ಬೆಂಗಳೂರಿನದೇ. 1998ರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಆರೋಗ್ಯವಂತ ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ರಕ್ತ ಪರೀಕ್ಷಿಸಿದರು. ಬರೀ ಕರ್ಕ್ಯುಮಿನ್ ಕೊಟ್ಟಾಗ ರಕ್ತದಲ್ಲಿ ಅದು ಸಿಗಲೇ ಇಲ್ಲ, ಸಿಕ್ಕರೂ ಅತ್ಯಲ್ಪ. ಜೊತೆಗೆ ಕಾಳುಮೆಣಸಿನ ಪೈಪರಿನ್ ಎಂಬ ಅಂಶ 20 ಮಿಲಿಗ್ರಾಂ ಕೊಟ್ಟಾಗ ಹೀರಿಕೆ ಶೇ. 2000ರಷ್ಟು ಹೆಚ್ಚಿತು.

ಇದು ಶೇಕಡಾ 2000. ಅಂದರೆ ಸುಮಾರು 20 ಪಟ್ಟು, 2000 ಪಟ್ಟು ಅಲ್ಲ. ಹತ್ತು ಪೈಸೆ ಇದ್ದವನ ಹಣ 20 ಪಟ್ಟು ಆದರೂ ಎರಡೇ ರೂಪಾಯಿ. ಆ ಏರಿಕೆ ಕಂಡದ್ದೂ ಸ್ವಲ್ಪ ಹೊತ್ತು ಮಾತ್ರ. ಜೊತೆಗೆ ಅವರು ಕೊಟ್ಟದ್ದು ಶುದ್ಧೀಕರಿಸಿದ ಅಂಶಗಳನ್ನು, ಸಾರಿನ ಪುಡಿಯನ್ನಲ್ಲ.

ಇನ್ನು ಅಡುಗೆಮನೆಯ ಲೆಕ್ಕ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸಾಮಾನ್ಯವಾಗಿ ಶೇ. 3ರ ಆಸುಪಾಸು. ಒಂದು ಟೀ ಚಮಚ ಪುಡಿ ಸುಮಾರು 3 ಗ್ರಾಂ ಎಂದರೆ ಅದರಲ್ಲಿ ಕರ್ಕ್ಯುಮಿನ್ ಸುಮಾರು 90 ಮಿಲಿಗ್ರಾಂ. 2001ರಲ್ಲಿ ಪ್ರಕಟವಾದ ತೈವಾನ್‌ನ ಅಧ್ಯಯನದಲ್ಲಿ ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲೂ ಸಿಕ್ಕ ಗರಿಷ್ಠ ಸರಾಸರಿ ಪ್ರಮಾಣ 2 ಮೈಕ್ರೋಮೋಲಾರ್‌ಗಿಂತ ಕಡಿಮೆ. 8 ಗ್ರಾಂ ಕರ್ಕ್ಯುಮಿನ್ ಬೇಕೆಂದರೆ ದಿನಕ್ಕೆ ಕಾಲು ಕೆಜಿಗೂ ಹೆಚ್ಚು ಅರಿಶಿನ ಪುಡಿ ತಿನ್ನಬೇಕು! ಲ್ಯಾಬಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳ ಮೇಲೆ ಪ್ರಯೋಗಿಸುವಾಗ ಹಾಕುವ ಪ್ರಮಾಣವಾದರೋ ಸಾಮಾನ್ಯವಾಗಿ ಹತ್ತಾರು ಮೈಕ್ರೋಮೋಲಾರ್. ನಾವು ನುಂಗಿದ್ದನ್ನು ಕರುಳು ಮತ್ತು ಯಕೃತ್ತು ಬೇಗನೆ ರೂಪಾಂತರಿಸಿ ಹೊರಹಾಕುತ್ತವೆ. ತಟ್ಟೆಯಲ್ಲಿ ಕರುಳೂ ಇಲ್ಲ, ಯಕೃತ್ತೂ ಇಲ್ಲ.

ರೋಗಿಗಳ ಮೇಲೆ ಯಾರೂ ಪರೀಕ್ಷಿಸಿಲ್ಲವೇ?

ಪರೀಕ್ಷಿಸಿದ್ದಾರೆ. ಹಾರ್ಮೋನ್ ಚಿಕಿತ್ಸೆಯನ್ನು ವೈದ್ಯರ ಸಲಹೆಯಂತೆ ಕೆಲಕಾಲ ನಿಲ್ಲಿಸಿ ಮತ್ತೆ ಶುರುಮಾಡುವ ಪದ್ಧತಿಯೊಂದಿದೆ. ಹೀಗೆ ಬಿಡುವಿನಲ್ಲಿದ್ದ ರೋಗಿಗಳಲ್ಲಿ ಕೆಲವರಿಗೆ ದಿನಕ್ಕೆ 1440 ಮಿಲಿಗ್ರಾಂ ಕರ್ಕ್ಯುಮಿನ್, ಉಳಿದವರಿಗೆ ಅದರಂತೆಯೇ ಕಾಣುವ ಖಾಲಿ ಮಾತ್ರೆಯನ್ನು ಆರು ತಿಂಗಳು ಕೊಟ್ಟು ಕೊರಿಯಾದ ವೈದ್ಯರು ನೋಡಿದರು. ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಕರ್ಕ್ಯುಮಿನ್ ತಗೊಂಡವರಿಗೆ ಚಿಕಿತ್ಸೆಯಿಂದ ಸಿಕ್ಕ ಬಿಡುವು ಹೆಚ್ಚಾಗಲಿಲ್ಲ. ಮಾತ್ರೆ ತಗೊಳ್ಳುತ್ತಿದ್ದ ಅವಧಿಯಲ್ಲಿ ಪಿಎಸ್‌ಎ ಏರಿದವರ ಸಂಖ್ಯೆ ಮಾತ್ರ ಆ ಗುಂಪಿನಲ್ಲಿ ಕಡಿಮೆ ಇತ್ತು. ಇನ್ನಷ್ಟು ಅಧ್ಯಯನಕ್ಕೆ ಇದು ಕಾರಣವಾಗಬಹುದು, ಆದರೆ ಚಿಕಿತ್ಸೆ ಬಿಡಲು ಕಾರಣವಾಗಲಾರದು.

‘ನೈಸರ್ಗಿಕ ತಾನೇ, ತಗೊಂಡರೆ ನಷ್ಟವೇನು’ ಎನ್ನುವವರಿಗೆ ಇನ್ನೊಂದು ಪಾಠವಿದೆ. ವಿಟಮಿನ್ ಇ ಮತ್ತು ಸೆಲೇನಿಯಂ ಪ್ರಾಸ್ಟೇಟ್ ಕ್ಯಾನ್ಸರನ್ನು ತಡೆಯುತ್ತವೆ ಎಂಬ ನಿರೀಕ್ಷೆಯಲ್ಲಿ 35,000ಕ್ಕೂ ಹೆಚ್ಚು ಗಂಡಸರ ಮೇಲೆ ‘ಸೆಲೆಕ್ಟ್’ ಎಂಬ ದೊಡ್ಡ ಪ್ರಯೋಗ ನಡೆಯಿತು. 2011ರಲ್ಲಿ ಗೊತ್ತಾದದ್ದು ಉಲ್ಟಾ: ವಿಟಮಿನ್ ಇ ಮಾತ್ರೆ ತಗೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚು ಕಂಡುಬಂತು.

ನಿಜವಾಗಿ ಸ್ವಿಚ್ ಆಫ್ ಮಾಡುವ ಚಿಕಿತ್ಸೆ ಇದೆಯೇ?

ಇದೆ. ಮನೆಯವರು ಬಿಡಬೇಕೆಂದಿರುವ ಆ ಇಂಜೆಕ್ಷನ್ನೇ ಅದು!

1941ರಲ್ಲಿ ಚಾರ್ಲ್ಸ್ ಹಗಿನ್ಸ್ ಎಂಬ ವೈದ್ಯರು ಗಂಡು ಹಾರ್ಮೋನ್ ಕಡಿಮೆ ಮಾಡಿದರೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಹಿಮ್ಮೆಟ್ಟುತ್ತದೆ ಎಂದು ತೋರಿಸಿದರು. 1966ರಲ್ಲಿ ಅವರಿಗೆ ನೊಬೆಲ್ ಬಂತು. ಆಂಡ್ರೊಜನ್ ರಿಸೆಪ್ಟರ್ ಎಂಬ ರೆಗ್ಯುಲೇಟರ್ ಆಗ ಯಾರಿಗೂ ಗೊತ್ತಿರಲಿಲ್ಲ, ಆದರೂ ಅವರು ಕೈಯಿಟ್ಟದ್ದು ಅದರ ಮೇಲೆಯೇ. ಇಂದಿನ ಲ್ಯುಪ್ರೊಲೈಡ್‌ನಂಥ ಇಂಜೆಕ್ಷನ್‌ಗಳು ವೃಷಣದಲ್ಲಿ ಹಾರ್ಮೋನ್ ತಯಾರಿಯನ್ನೇ ನಿಲ್ಲಿಸುತ್ತವೆ. ಒಂದೇ ಸಲದ ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ವೃಷಣಗಳನ್ನು ತೆಗೆದರೂ ಇದೇ ಫಲ ಸಿಗುತ್ತದೆ. ಅಬಿರಾಟೆರೋನ್ ಮಾತ್ರೆ ಬೇರೆಡೆ ತಯಾರಾಗುವ ಹಾರ್ಮೋನನ್ನೂ ತಡೆಯುತ್ತದೆ. ಎನ್ಜಲುಟಮೈಡ್ ನೇರವಾಗಿ ಆಂಡ್ರೊಜನ್ ರಿಸೆಪ್ಟರ್ ಮೇಲೆಯೇ ಕೂತು ಅದಕ್ಕೆ ಅಡ್ಡ ಹಾಕುತ್ತದೆ. ಅಂದರೆ ಫಾರ್ವರ್ಡ್ ಯಾವ ‘ಜೀನ್ ಸ್ವಿಚ್’ ಬಗ್ಗೆ ಮಾತಾಡುತ್ತಿದೆಯೋ ಆ ಸ್ವಿಚ್ ಮೇಲೆ ಕೆಲಸ ಮಾಡುವ ಔಷಧಿಗಳು ಈಗಾಗಲೇ ಆಸ್ಪತ್ರೆಯಲ್ಲಿವೆ.

ಇವು ಸುಲಭದ ಚಿಕಿತ್ಸೆಗಳೇನಲ್ಲ. ಮೈ ಬಿಸಿಯಾಗಿ ಬೆವರುವುದು, ಸುಸ್ತು, ಲೈಂಗಿಕ ಆಸಕ್ತಿ ಕುಗ್ಗುವುದು, ಮೂಳೆ ಸವೆತ, ಮನಸ್ಸಿಗೆ ಬೇಸರ, ಇವೆಲ್ಲ ನಿಜ. ಬಹಳಷ್ಟು ಹಿರಿಯರು ಇದನ್ನು ಮಕ್ಕಳ ಹತ್ತಿರ ಹೇಳಿಕೊಳ್ಳುವುದಿಲ್ಲ. ‘ಇಂಜೆಕ್ಷನ್ ಬೇಡ’ ಎಂಬ ಫಾರ್ವರ್ಡ್ ಅವರ ಮನಸ್ಸಿಗೆ ನಾಟುವುದು ದಡ್ಡತನದಿಂದಲ್ಲ, ಈ ಸಂಕಟದಿಂದ. ಹಾಗಾಗಿ ಬೈಯುವ ಬದಲು ಏನು ತೊಂದರೆಯಾಗುತ್ತಿದೆ ಎಂದು ಕೇಳಿ. ಅಡ್ಡಪರಿಣಾಮಗಳಿಗೆ ಪರಿಹಾರಗಳಿವೆ, ವೈದ್ಯರಿಗೆ ಹೇಳಿದರೆ ಮಾತ್ರ ಸಿಗುತ್ತವೆ.

ಇಂಜೆಕ್ಷನ್ ಕೆಲಸ ಮಾಡುವುದು ನಿಂತುಹೋಗುವುದೇಕೆ?

ಕೆಲವರಲ್ಲಿ ಕೆಲವು ವರ್ಷಗಳ ನಂತರ ಹೀಗಾಗುತ್ತದೆ. ಕ್ಯಾನ್ಸರ್ ಕೋಶಗಳು ರೆಗ್ಯುಲೇಟರನ್ನು ಮತ್ತೆ ತಮ್ಮ ಕಡೆ ತಿರುಗಿಸಿಕೊಳ್ಳುತ್ತವೆ. ಕೆಲವು ಕೋಶಗಳು ಆಂಡ್ರೊಜನ್ ರಿಸೆಪ್ಟರ್ ಜೀನಿನ ಹಲವು ಪ್ರತಿಗಳನ್ನು ಮಾಡಿಕೊಂಡು ಚೂರುಪಾರು ಹಾರ್ಮೋನಿಗೂ ಸ್ಪಂದಿಸುತ್ತವೆ. ಕೆಲವು ಎಆರ್-ವಿ7 ಎಂಬ ಮೊಟಕು ರೂಪವನ್ನು ತಯಾರಿಸುತ್ತವೆ. ಅದರಲ್ಲಿ ಹಾರ್ಮೋನ್ ಅಂಟುವ ಭಾಗವೇ ಇಲ್ಲ, ಹಾರ್ಮೋನ್ ಇಲ್ಲದೆಯೇ ಅದು ಸದಾ ಆನ್. ಕ್ಯಾನ್ಸರ್ ಕೋಶಗಳು ಹೀಗೆ ರೂಪ ಬದಲಿಸಿ ಔಷಧಿಯಿಂದ ತಪ್ಪಿಸಿಕೊಳ್ಳುವುದರ ಹಿಂದಿರುವ ರೆಗ್ಯುಲೇಟರ್‌ಗಳ ಜಾಲವನ್ನು ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೋಹಿತ್ ಕುಮಾರ್ ಜಾಲಿ ಅವರ ತಂಡ ಗಣಿತದ ಮಾದರಿಗಳ ಮೂಲಕ ಅಧ್ಯಯನ ಮಾಡುತ್ತಿದೆ.

ಇಲ್ಲಿ ನಮ್ಮ ಪಿ300 ಮತ್ತೆ ಬರುತ್ತದೆ. ಆಂಡ್ರೊಜನ್ ರಿಸೆಪ್ಟರ್ ಯಾವ ರೂಪ ತಾಳಿದರೂ ಅದಕ್ಕೆ ಸಹಾಯಕರು ಬೇಕಲ್ಲವೇ? ಹಾಗಾಗಿ ಪಿ300 ಅನ್ನೇ ತಡೆದರೆ ಹೇಗೆ ಎಂಬ ಯೋಚನೆ ಬಲವಾಯಿತು. 2017ರಲ್ಲಿ ಎ-485 ಎಂಬ ಅಣು ಪಿ300 ಮತ್ತು ಸಿಬಿಪಿಯನ್ನು ನಿಖರವಾಗಿ ತಡೆದು, ಇಲಿಗಳಲ್ಲಿ ಪ್ರಾಸ್ಟೇಟ್ ಗೆಡ್ಡೆಯ ಬೆಳವಣಿಗೆಯನ್ನು ಕುಗ್ಗಿಸಿತು ಎಂಬ ವರದಿ ಬಂತು. ಇದೇ ಪ್ರೋಟೀನ್‌ಗಳನ್ನು ಗುರಿಯಾಗಿಸಿದ ಇನೊಬ್ರೊಡಿಬ್ ಎಂಬ ಮಾತ್ರೆ ರೋಗಿಗಳಲ್ಲಿ ಪ್ರಯೋಗದ ಹಂತಕ್ಕೆ ಬಂದಿದೆ. ಜಕ್ಕೂರಿನ ಲ್ಯಾಬ್ ಆರಂಭದಲ್ಲೇ ಹುಡುಕಿದ ಗುರಿ ಸರಿಯಾದದ್ದೇ ಆಗಿತ್ತು. ಆದರೆ ಆ ಗುರಿ ತಲುಪಲು ಬೇಕಾದದ್ದು ವರ್ಷಗಟ್ಟಲೆ ತಿದ್ದಿ ತೀಡಿದ, ಪ್ರಮಾಣ ಗೊತ್ತುಮಾಡಿದ ಔಷಧಿ. ಒಂದು ಚಮಚ ಪುಡಿಯಿಂದ ಅದು ಸಾಧ್ಯವಿಲ್ಲ.

“ನಮ್ಮ ಪರಿಚಯದವರಿಗೆ ಪಿಎಸ್‌ಎ ಇಳಿದಿದೆಯಲ್ಲ!”

ಈಗ ಆ ಕೆಂಪು ದೀಪದ ವಿಷಯಕ್ಕೆ ಬರೋಣ. ಪಿಎಸ್‌ಎ ಆಂಡ್ರೊಜನ್ ರಿಸೆಪ್ಟರ್ ಓಡಿಸುವ ಜೀನಿನಿಂದ ಬರುವುದರಿಂದ, ಗೆಡ್ಡೆ ಹಾಗೇ ಇದ್ದರೂ ಆ ಜೀನಿನ ವೇಗ ಇಳಿದರೆ ಪಿಎಸ್‌ಎ ಇಳಿಯಬಹುದು. ದೀಪ ಮಂಕಾಯಿತು ಎಂದ ಮಾತ್ರಕ್ಕೆ ಮೋಟರ್ ನಿಂತಿದೆ ಎಂದಲ್ಲ. ಒಂದು ಉದಾಹರಣೆ: ಪ್ರಾಸ್ಟೇಟ್ ಊತಕ್ಕೆ ಕೊಡುವ ಫಿನಸ್ಟರೈಡ್ ಅಥವಾ ಡ್ಯುಟಾಸ್ಟರೈಡ್ ಮಾತ್ರೆಗಳನ್ನು ಕೆಲವು ತಿಂಗಳು ತಗೊಂಡರೆ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಈ ಮಾತ್ರೆ ತಗೊಳ್ಳುವವರು ಪಿಎಸ್‌ಎ ಪರೀಕ್ಷೆಗೆ ಮೊದಲು ವೈದ್ಯರಿಗೆ ತಪ್ಪದೆ ಹೇಳಬೇಕು. ಇನ್ನೊಂದು ಕಡೆ, ಮೂತ್ರದ ಸೋಂಕಾದರೂ ಪಿಎಸ್‌ಎ ಏರಬಹುದು. ಹಾಗಾಗಿ ಒಂದು ರಿಪೋರ್ಟ್ ನೋಡಿ ಹೆದರುವುದೂ ತಪ್ಪು, ಹಿಗ್ಗುವುದೂ ತಪ್ಪು.

ಅರಿಶಿನದಿಂದ ಅಪಾಯ ಇದೆಯೇ?

ಸಾರು, ಪಲ್ಯ, ಹಾಲಿಗೆ ಹಾಕುವ ಅರಿಶಿನದ ಬಗ್ಗೆ ಚಿಂತೆ ಬೇಡ. ಚಿಂತೆ ಇರುವುದು ಹೆಚ್ಚು ಪ್ರಮಾಣದ ಕರ್ಕ್ಯುಮಿನ್ ಕ್ಯಾಪ್ಸೂಲ್‌ಗಳ ಬಗ್ಗೆ, ಅದರಲ್ಲೂ ಪೈಪರಿನ್ ಸೇರಿಸಿದವುಗಳ ಬಗ್ಗೆ. ಇಂಥವನ್ನು ತಗೊಂಡ ಕೆಲವರಿಗೆ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ಇಟಲಿ ಮತ್ತು ಅಮೆರಿಕದಲ್ಲಿ ದಾಖಲಾಗಿವೆ. ಅಬಿರಾಟೆರೋನ್ ಕೂಡ ಯಕೃತ್ತಿಗೆ ತೊಂದರೆ ಕೊಡಬಹುದಾದ ಔಷಧಿ, ಅದಕ್ಕೇ ವೈದ್ಯರು ಆಗಾಗ ಲಿವರ್ ಟೆಸ್ಟ್ ಮಾಡಿಸುತ್ತಾರೆ. ಎರಡೂ ಸೇರಿದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದೇ ಕಷ್ಟ. ಪೈಪರಿನ್ ಕರ್ಕ್ಯುಮಿನ್ನನ್ನು ರಕ್ತದಲ್ಲಿ ಉಳಿಸುವುದು ದೇಹದ ಔಷಧ ಕರಗಿಸುವ ಕಿಣ್ವಗಳನ್ನು ತಡೆಯುವ ಮೂಲಕ. ಹಾಗಾಗಿ ನೀವು ತಗೊಳ್ಳುವ ಬೇರೆ ಮಾತ್ರೆಗಳ ಪ್ರಮಾಣವೂ ರಕ್ತದಲ್ಲಿ ಏರುಪೇರಾಗಬಹುದು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಇನ್ನೂ ಎಚ್ಚರವಾಗಿರಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಬೇರೆ. ಇಂಜೆಕ್ಷನ್ ತಪ್ಪಿದರೆ ಹಾರ್ಮೋನ್ ಮತ್ತೆ ಏರಬಹುದು, ಅದರೊಂದಿಗೆ ರೆಗ್ಯುಲೇಟರ್ ಕೂಡ.

ಹಾಗಾದರೆ ಏನು ಮಾಡಬೇಕು?

* ಐವತ್ತು ದಾಟಿದ ಗಂಡಸರು ಪಿಎಸ್‌ಎ ಪರೀಕ್ಷೆ ತಮಗೆ ಬೇಕೇ, ಅದರ ಲಾಭ ನಷ್ಟಗಳೇನು ಎಂದು ವೈದ್ಯರ ಹತ್ತಿರ ಮಾತಾಡಿ. ತಂದೆಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಆಗಿದ್ದರೆ ಇನ್ನೂ ಬೇಗ ಮಾತಾಡಿ. ಕುಟುಂಬದಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದರೆ ಅದನ್ನೂ ಹೇಳಿ. ಬಿಆರ್‌ಸಿಎ2 ಎಂಬ ಜೀನಿನ ದೋಷ ಇವೆಲ್ಲಕ್ಕೂ ಕಾರಣವಾಗಬಹುದು.

* ಮೂತ್ರದಲ್ಲಿ ರಕ್ತ, ಮೂತ್ರ ಕಟ್ಟುವುದು, ಬಿಡದ ಮೂಳೆ ನೋವು ಇದ್ದರೆ ಯೂರಾಲಜಿಸ್ಟ್ ಹತ್ತಿರ ಹೋಗಿ.

* ಪ್ರಾಸ್ಟೇಟ್ ಕ್ಯಾನ್ಸರ್ ಇರುವವರಿಗೆ ಬೆನ್ನುನೋವಿನ ಜೊತೆ ಕಾಲುಗಳಲ್ಲಿ ಶಕ್ತಿ ಕುಂದಿದರೆ, ಜೋಮು ಹಿಡಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಬೆನ್ನುಹುರಿಗೆ ಒತ್ತಡ ಬಿದ್ದಿರಬಹುದು, ಕಾದರೆ ಕಾಲು ಉಳಿಯದೆ ಹೋಗಬಹುದು.

* ಕ್ಯಾಪ್ಸೂಲ್, ಕಷಾಯ, ಪುಡಿ, ಏನೇ ತಗೊಳ್ಳುತ್ತಿದ್ದರೂ ವೈದ್ಯರಿಂದ ಮುಚ್ಚಿಡಬೇಡಿ. ಡಬ್ಬಿಯನ್ನೇ ತೆಗೆದುಕೊಂಡು ಹೋಗಿ ತೋರಿಸಿ.

* ಇಂಜೆಕ್ಷನ್ ಕಷ್ಟವೆನಿಸುತ್ತಿದ್ದರೆ, ಖರ್ಚು ಹೆಚ್ಚೆನಿಸುತ್ತಿದ್ದರೆ ಬಿಡುವ ಮೊದಲು ಕೇಳಿ. ಬೇರೆ ದಾರಿಗಳಿವೆ.

ಗ್ರೂಪಿನಲ್ಲಿ ಏನೆಂದು ಉತ್ತರಿಸುವುದು?

ಹಿರಿಯರು ಕಳಿಸಿದ ಸಂದೇಶಕ್ಕೆ ‘ಫೇಕ್’ ಎಂದು ಒಂದೇ ಪದದಲ್ಲಿ ಉತ್ತರಿಸಿದರೆ ಮನಸ್ಸು ಮುರಿಯುತ್ತದೆ, ನಂಬಿಕೆ ಬದಲಾಗುವುದಿಲ್ಲ. ಬೇಕಿದ್ದರೆ ಇದನ್ನು ಕಾಪಿ ಮಾಡಿ ಕಳಿಸಿ:

“ಅರಿಶಿನದ ಒಂದು ಅಂಶ ಪಿ300 ಎಂಬ ಜೀನ್ ರೆಗ್ಯುಲೇಟರನ್ನು ತಡೆಯುತ್ತದೆ ಎಂದು ನಮ್ಮ ಜಕ್ಕೂರಿನ ವಿಜ್ಞಾನಿಗಳು 2004ರಲ್ಲಿ ತೋರಿಸಿದ್ದು ನಿಜ. ಅದು ಲ್ಯಾಬಿನಲ್ಲಿ ಆದದ್ದು, ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳಲ್ಲಿ ಅಲ್ಲ. ನುಂಗಿದ ಅರಿಶಿನ ರಕ್ತಕ್ಕೆ ಅಷ್ಟು ಸೇರುವುದಿಲ್ಲ. ಪ್ರಾಸ್ಟೇಟ್ ಕ್ಯಾನ್ಸರ್‌ನ ದೊಡ್ಡ ಸ್ವಿಚ್ ಮೇಲೆ ಕೆಲಸ ಮಾಡುವುದು ಡಾಕ್ಟರ್ ಕೊಡುವ ಹಾರ್ಮೋನ್ ಚಿಕಿತ್ಸೆಯೇ. ಅರಿಶಿನ ಅಡುಗೆಗೆ ಇರಲಿ, ಇಂಜೆಕ್ಷನ್ ತಾರೀಖು ತಪ್ಪದಿರಲಿ.”

ಕಳಿಸಿದ ಮೇಲೆ ಅಪ್ಪನಿಗೋ ಮಾವನಿಗೋ ಒಂದು ಫೋನ್ ಮಾಡಿ. ಮುಂದಿನ ಇಂಜೆಕ್ಷನ್‌ಗೆ ಯಾವತ್ತು ಹೋಗಬೇಕು ಎಂದು ಕೇಳಿ. “ನಾನೂ ಜೊತೆಗೆ ಬರ್ತೀನಿ” ಎಂದು ಹೇಳಿ.